ಶೋಣ ತೊರೆದ ನಗರ

ಹಲವು ವರ್ಷಗಳ ಹಿಂದಿನ ಮಾತು. ಕನ್ನಡ ಎಂ.ಎ. ತರಗತಿಯಲ್ಲಿ ನಾನು ಸಮಾಸ ಪ್ರಕರಣವನ್ನು ಪಾಠ ಹೇಳುತ್ತಿದ್ದೆ. ಅವ್ಯಯೀಭಾವಕ್ಕೆ ಬಂದಾಗ ಸಂಸ್ಕೃತ ವೈಯಾಕರಣರು ಅದನ್ನು ಹೇಗೆ ವಿವರಿಸಿದ್ದಾರೆಂದು ಎರಡು ಮಾತು ಹೇಳುವುದು ನನ್ನ ರೂಢಿ. ಪಾಣಿನಿಯ ಒಂದು ಸೂತ್ರದ ಪ್ರಕಾರ, ಒಂದು ವಸ್ತುವಿನ ಉದ್ದವನ್ನು ಇನ್ನೊಂದರ ಉದ್ದದಿಂದ ಸೂಚಿಸಬೇಕಾದಾಗ ‘ಅನು’ ಎಂಬ ಅವ್ಯಯ ಸೇರಿ ಸಮಾಸವಾಗುತ್ತದೆ. ಇದಕ್ಕೆ ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಮೂರು ಊರುಗಳ ಉದಾಹರಣೆ ಕೊಡುತ್ತಾನೆ. ಹಸ್ತಿನಾಪುರ ‘ಅನುಗಂಗ’, ಎಂದರೆ ಗಂಗೆಯ ಉದ್ದಕ್ಕೂ ಚಾಚಿಕೊಂಡದ್ದು. ವಾರಾಣಸಿಯೂ ಹಾಗೆಯೇ. ಪಾಟಲಿಪುತ್ರ ಮಾತ್ರ ‘ಅನುಶೋಣ’.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಎದ್ದುನಿಂತು ಕೇಳಿದ: “ಸರ್, ಪಾಟಲಿಪುತ್ರ ಎಂದರೆ ಈಗಿನ ಪಟ್ನಾ ಅಲ್ಲವೆ? ಅದು ಗಂಗೆಯ ದಡದಲ್ಲಿದೆ. ಕಾಶಿಗೆ ಅನುಗಂಗ ಎಂದವರು ಅದಕ್ಕೇಕೆ ಅನುಶೋಣ ಎಂದರು?”

ಉತ್ತರ ನನಗೆ ತಿಳಿದಿರಲಿಲ್ಲ. ತಿಳಿಯದು ಎಂದು ಹೇಳುವ ದೊಡ್ಡತನವೂ ಆ ವಯಸ್ಸಿನಲ್ಲಿ ಇರಲಿಲ್ಲ. “ವೈಯಾಕರಣರಿಗೆ ರೂಪ ಮುಖ್ಯವಪ್ಪ, ಭೂಗೋಳವಲ್ಲ. ಉದಾಹರಣೆಗೆ ಬಾಯಿಗೆ ಬಂದ ಊರಿನ ಹೆಸರು ಹೇಳುತ್ತಾರೆ” ಎಂದುಬಿಟ್ಟೆ. ತರಗತಿ ನಕ್ಕಿತು. ಹುಡುಗ ಕುಳಿತುಕೊಂಡ. ಆ ದಿನದ ಪಾಠ ಮುಗಿಯಿತು.

ಪತಂಜಲಿ ಬಾಯಿಗೆ ಬಂದದ್ದನ್ನು ಹೇಳುವವನಲ್ಲ ಎಂದು ನನಗೆ ಮನದಟ್ಟಾಗುವುದಕ್ಕೆ ಬಹಳ ವರ್ಷ ಬೇಕಾಯಿತು. ಅವನ ಆ ಒಂದು ಸಮಾಸದಲ್ಲಿ, ಇಂದು ಭೂಮಿಯ ಮೇಲೆ ಇಲ್ಲದ ಒಂದು ನದಿಯ ದಾರಿ ಉಳಿದುಕೊಂಡಿದೆ. ಆ ದಾರಿಯನ್ನು ಹುಡುಕಿ ಹೋದವರು ಭಾರತದ ಚರಿತ್ರೆಗೆ ಕಾಲದ ಒಂದು ಗೂಟವನ್ನು ನೆಟ್ಟರು. ಆ ಕಥೆಯನ್ನು ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇನೆ.

ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಮೆಗಾಸ್ತನೀಸನೆಂಬ ಗ್ರೀಕನು ಸೆಲ್ಯೂಕಸನ ರಾಯಭಾರಿಯಾಗಿ ಪಾಟಲಿಪುತ್ರಕ್ಕೆ ಬಂದ. ಅವನು ಬರೆದ ‘ಇಂಡಿಕಾ’ ನಮಗೆ ಇಡಿಯಾಗಿ ದೊರೆತಿಲ್ಲ. ಸ್ಟ್ರಾಬೋ, ಏರಿಯನ್ ಮೊದಲಾದ ಅನಂತರದವರು ಎತ್ತಿಕೊಂಡ ಭಾಗಗಳಷ್ಟೇ ಉಳಿದಿವೆ. ಅವುಗಳ ಪ್ರಕಾರ ‘ಪಾಲಿಬೋಥ್ರ’ ಎಂಬ ರಾಜಧಾನಿ ಗಂಗೆ ಮತ್ತು ‘ಎರನ್ನೊಬೋವಸ್’ ಎಂಬ ಇನ್ನೊಂದು ನದಿ ಕೂಡುವ ಸ್ಥಳದಲ್ಲಿತ್ತು. ನಗರದ ಉದ್ದ 80 ಸ್ಟೇಡಿಯ, ಅಗಲ 15 ಸ್ಟೇಡಿಯ. ನಮ್ಮ ಲೆಕ್ಕದಲ್ಲಿ ಉದ್ದ ಸುಮಾರು ಒಂಬತ್ತು ಮೈಲಿ, ಅಗಲ ಎರಡು ಮೈಲಿಗೂ ಕಡಿಮೆ. ಸುತ್ತ ಮರದ ಕೋಟೆ, ಅದಕ್ಕೆ 570 ಬುರುಜುಗಳು, 64 ಬಾಗಿಲುಗಳು, ಹೊರಗೆ 600 ಅಡಿ ಅಗಲದ ಕಂದಕ. ಈ ಅಂಕಿಗಳಲ್ಲಿ ಉತ್ಪ್ರೇಕ್ಷೆ ಎಷ್ಟೇ ಇರಲಿ, ನಗರದ ಆಕಾರವನ್ನು ಗಮನಿಸಿ. ಅದು ಚೌಕವಲ್ಲ, ವೃತ್ತವಲ್ಲ. ನೀರಿನ ಪಕ್ಕದಲ್ಲಿ ಹಾಸಿದ ಒಂದು ಪಟ್ಟಿ. ಪಾಣಿನಿಯ ಸೂತ್ರ ಕೇಳುವುದು ಇದನ್ನೇ: ಉದ್ದದಿಂದ ಗುರುತಿಸಬಹುದಾದ ವಸ್ತು. ಮೆಗಾಸ್ತನೀಸನಿಗೂ ಪತಂಜಲಿಗೂ ನಡುವೆ ನೂರೈವತ್ತು ವರ್ಷಗಳ ಅಂತರವಿದೆ, ಭಾಷೆ ಬೇರೆ, ಉದ್ದೇಶ ಬೇರೆ. ಆದರೂ ಇಬ್ಬರ ಕಣ್ಣಿಗೂ ಬಿದ್ದದ್ದು ಒಂದೇ ನಗರ.

ಹದಿನೆಂಟನೆಯ ಶತಮಾನದ ಯುರೋಪಿನ ವಿದ್ವಾಂಸರಿಗೆ ಈ ನಗರ ಎಲ್ಲಿತ್ತೆಂಬುದೇ ಒಂದು ಒಗಟಾಗಿತ್ತು. ಪಾಲಿಬೋಥ್ರ ಎಂಬ ಹೆಸರೇನೋ ಪಾಟಲಿಪುತ್ರಕ್ಕೆ ಹೊಂದುತ್ತದೆ, ಪಾಟಲಿಪುತ್ರ ಪಟ್ನಾಕ್ಕೆ ಹೊಂದುತ್ತದೆ. ಆದರೆ ಪಟ್ನಾದ ಬಳಿ ಗಂಗೆಯನ್ನು ಕೂಡುವ ಆ ಮಹಾನದಿ ಎಲ್ಲಿ? ಫ್ರಾನ್ಸಿನ ಭೂಗೋಳ ಪಂಡಿತ ದಾನ್‌ವಿಲ್ ಗ್ರೀಕರ ಎರನ್ನೊಬೋವಸ್ ಯಮುನೆಯೇ ಇರಬೇಕೆಂದು ತೀರ್ಮಾನಿಸಿದ. ಹಾಗಾದರೆ ಪಾಲಿಬೋಥ್ರ ಪ್ರಯಾಗವಾಗಬೇಕು. ಕೆಲವರು ಕನ್ನೋಜಿನ ಹೆಸರು ಹೇಳಿದರು. ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಇವರನ್ನು ದೂರುವಂತಿಲ್ಲ. ಸಂಗಮವಿಲ್ಲದ ಕಡೆ ಸಂಗಮದ ನಗರವನ್ನು ತೋರಿಸುವುದು ಹೇಗೆ?

ಒಗಟು ಬಿಡಿಸಿದವರಲ್ಲಿ ಮೊದಲಿಗ ಜೇಮ್ಸ್ ರೆನೆಲ್. ಈಸ್ಟ್ ಇಂಡಿಯಾ ಕಂಪನಿಯ ಸರ್ವೇಯರ್ ಆಗಿ ಬಂಗಾಳದ ನದಿಗಳನ್ನು ದೋಣಿಯಲ್ಲಿ ಅಳೆದು ನಕ್ಷೆ ಬರೆದವನು. ಪಟ್ನಾದ ನೆಲದಲ್ಲಿ ಹಿಂದೆ ಪಾಟಲಿಪುತ್ರವೆಂಬ ದೊಡ್ಡ ನಗರವಿತ್ತೆಂದೂ, ಪಟ್ನಾದಿಂದ 22 ಮೈಲಿ ಮೇಲಕ್ಕೆ ಮನೇರಿನ ಬಳಿ ಗಂಗೆಗೆ ಸೇರುವ ಸೋನ್ ನದಿ ಒಂದು ಕಾಲಕ್ಕೆ ಆ ನಗರದ ಗೋಡೆಯ ಬುಡದಲ್ಲಿಯೇ ಸೇರುತ್ತಿತ್ತೆಂದೂ ಸ್ಥಳದಲ್ಲಿ ವಿಚಾರಿಸಿದವರಿಂದ ತಿಳಿದು, ಅವನು ತನ್ನ ಹಿಂದೂಸ್ಥಾನದ ಭೂಪಟದ ವಿವರಣ ಗ್ರಂಥದಲ್ಲಿ ಬರೆದ. ಈ ಸೋನ್ ನದಿಯೇ ಸಂಸ್ಕೃತದ ಶೋಣ.

ನೆಲದ ಸಾಕ್ಷಿ ಸಿಕ್ಕಿತು, ಆದರೆ ಹೆಸರಿನ ತೊಡಕು ಹಾಗೆಯೇ ಉಳಿಯಿತು. ಶೋಣ ಎಲ್ಲಿ, ಎರನ್ನೊಬೋವಸ್ ಎಲ್ಲಿ? ಸಾಲದ್ದಕ್ಕೆ ಗ್ರೀಕರ ಪಟ್ಟಿಯಲ್ಲಿ ಎರನ್ನೊಬೋವಸ್ ಒಂದು ನದಿ, ಶೋಣ ಇನ್ನೊಂದು ನದಿ. ಈ ತೊಡಕನ್ನು ಬಿಡಿಸಿದವರು ಸರ್ ವಿಲಿಯಂ ಜೋನ್ಸ್. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು, 1784ರಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಕಟ್ಟಿದವರು. ಶೋಣಕ್ಕೆ ಸಂಸ್ಕೃತದಲ್ಲಿ ‘ಹಿರಣ್ಯಬಾಹು’ ಎಂಬ ಇನ್ನೊಂದು ಹೆಸರುಂಟೆಂದು ಅವರು ಕಂಡುಕೊಂಡರು. ಹಿರಣ್ಯಬಾಹು ಗ್ರೀಕರ ನಾಲಗೆಯಲ್ಲಿ ಎರನ್ನೊಬೋವಸ್ ಆಗಿದೆ, ಅಷ್ಟೆ. ನಮ್ಮಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ಹಳೆಯ ತಲೆಮಾರಿನ ಯಾರನ್ನು ಕೇಳಿದ್ದರೂ ಶೋಣಕ್ಕೆ ಹಿರಣ್ಯವಾಹವೆಂಬ ಪರ್ಯಾಯವನ್ನು ಹೇಳಿಬಿಡುತ್ತಿದ್ದರು! ಬಾಣಭಟ್ಟನೂ ಹರ್ಷಚರಿತದ ಆರಂಭದಲ್ಲಿ, ಹಿರಣ್ಯವಾಹವೆಂಬ ಮಹಾನದವನ್ನು ಜನರು ಶೋಣವೆಂದು ಕರೆಯುತ್ತಾರೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಅವನ ಪೂರ್ವಿಕರ ಊರಾದ ಪ್ರೀತಿಕೂಟ ಇದ್ದದ್ದೂ ಆ ನದಿಯ ತೀರದಲ್ಲಿಯೇ. ನಾಗವರ್ಮನ ಕರ್ಣಾಟಕ ಕಾದಂಬರಿಯನ್ನು ವರ್ಷವರ್ಷವೂ ಪಾಠ ಮಾಡಿದ ನಾನು ಮೂಲ ಕವಿಯ ಊರಿನ ಹೊಳೆ ಯಾವುದೆಂದು ವಿಚಾರಿಸಿರಲಿಲ್ಲ.

1793ರ ಫೆಬ್ರವರಿ 28ರಂದು, ಏಷ್ಯಾಟಿಕ್ ಸೊಸೈಟಿಯ ಹತ್ತನೆಯ ವಾರ್ಷಿಕ ಭಾಷಣದಲ್ಲಿ, ಜೋನ್ಸ್ ಇದನ್ನು ಸಭೆಯ ಮುಂದಿಟ್ಟರು. ಪಾಲಿಬೋಥ್ರ ಪಾಟಲಿಪುತ್ರವೆಂದು ಸ್ಥಿರವಾದ ಕೂಡಲೇ ಇನ್ನೊಂದು ಗುರುತು ತಾನಾಗಿ ತೆರೆದುಕೊಂಡಿತು. ಸೆಲ್ಯೂಕಸನೊಡನೆ ಒಪ್ಪಂದ ಮಾಡಿಕೊಂಡ, ಪಾಲಿಬೋಥ್ರದಲ್ಲಿ ಆಳಿದ ‘ಸ್ಯಾಂಡ್ರೊಕಾಟಸ್’ ಬೇರಾರೂ ಅಲ್ಲ, ನಮ್ಮ ಪುರಾಣಗಳ, ನಾಟಕಗಳ ಚಂದ್ರಗುಪ್ತ. ಅದುವರೆಗೆ ನಮ್ಮ ರಾಜವಂಶಾವಳಿಗಳಲ್ಲಿ ಹೆಸರುಗಳಿದ್ದವು, ಆಳಿದ ವರ್ಷಗಳ ಎಣಿಕೆಯೂ ಇತ್ತು. ಆದರೆ ಲೋಕದ ಚರಿತ್ರೆಯೊಡನೆ ಅವನ್ನು ಕಟ್ಟುವ ಹಗ್ಗವಿರಲಿಲ್ಲ. ಆ ಹಗ್ಗ ದೊರೆತದ್ದು ಆ ದಿನ. ಮುಂದಿನ ವರ್ಷ ಏಪ್ರಿಲಿನಲ್ಲಿ ಜೋನ್ಸ್ ತೀರಿಕೊಂಡರು.

ಜೋನ್ಸರ ಗುರುತು ಆಮೇಲೆ ಬೇರೆ ದಾರಿಯಿಂದಲೂ ದೃಢಪಟ್ಟಿತೆಂಬುದನ್ನು ಹೇಳದೆ ಹೋಗಬಾರದು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೆ, ಅಶೋಕನ ಹದಿಮೂರನೆಯ ಶಿಲಾಶಾಸನದಲ್ಲಿ ಅವನ ಕಾಲದ ಐವರು ಗ್ರೀಕ್ ಅರಸರ ಹೆಸರುಗಳಿರುವುದು ಬೆಳಕಿಗೆ ಬಂದಿತು. ಮೊಮ್ಮಗನ ಕಾಲ ತಾತನ ಕಾಲಕ್ಕೆ ಸರಿಹೊಂದಿತು. ನಮ್ಮ ನಾಡಿಗೆ ಇದರ ನಂಟು ದೂರದ್ದಲ್ಲ. 1892ರಲ್ಲಿ ಬಿ. ಎಲ್. ರೈಸರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡಾಗ ಅವು ಕ್ರಿಸ್ತಪೂರ್ವ ಮೂರನೆಯ ಶತಮಾನದವೆಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಈ ಎಣಿಕೆಯಿಂದ. ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರು ಬಂದದ್ದು ಚಂದ್ರಗುಪ್ತನಿಂದ ಎಂಬ ಜೈನ ಪರಂಪರೆಯನ್ನು ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲ. ಆದರೆ ಒಪ್ಪುವವರೂ ಒಪ್ಪದವರೂ ಚರ್ಚೆಗೆ ಬಳಸುವ ಕಾಲದ ಕೋಷ್ಟಕ ಒಂದೇ. ಅದರ ಮೊದಲ ಗೂಟ ನೆಟ್ಟದ್ದು ಬತ್ತಿಹೋದ ಒಂದು ಸಂಗಮದ ಮರಳಿನಲ್ಲಿ.

ಹಾಗಾದರೆ ಶೋಣ ಏಕೆ ಹೋಯಿತು? ಅಷ್ಟು ದೊಡ್ಡ ನದಿ ಹಾಸಿಗೆ ಸುತ್ತಿಕೊಂಡು ಇಪ್ಪತ್ತೆರಡು ಮೈಲಿ ಆಚೆಗೆ ನಡೆಯುವುದೆಂದರೇನು?

ಕಾವೇರಿ ತುಂಗಭದ್ರೆಗಳನ್ನು ನೋಡಿ ಬೆಳೆದ ನಮಗೆ ಇದು ಸುಲಭವಾಗಿ ಮನಸ್ಸಿಗೆ ಹತ್ತುವ ವಿಷಯವಲ್ಲ. ನಮ್ಮ ಹೊಳೆಗಳು ಬಹುಮಟ್ಟಿಗೆ ಬಂಡೆಯಲ್ಲಿ ಕೊರೆದ ದಾರಿಯಲ್ಲಿ ಹರಿಯುತ್ತವೆ. ಹಂಪೆಯ ಬಳಿ ತುಂಗಭದ್ರೆ ವಿಜಯನಗರದ ಕಾಲದಲ್ಲಿ ಎಲ್ಲಿತ್ತೋ ಇಂದೂ ಅಲ್ಲೇ ಇದೆ. ತಲಕಾಡಿನ ನೆನಪು ಕೆಲವರಿಗೆ ಬರಬಹುದು. ಅಲ್ಲಿ ಗುಡಿಗಳನ್ನು ಮುಚ್ಚಿದ್ದು ಹೊಳೆಯಲ್ಲ. ಹೊಳೆಯ ತಿರುವಿನಲ್ಲಿ ಕೂಡಿದ ಮರಳನ್ನು ಹೊತ್ತು ತಂದ ಗಾಳಿ. ಉತ್ತರದ ಬಯಲಿನಲ್ಲಿ ಹಾಗಲ್ಲ. ಅಲ್ಲಿ ಬಂಡೆ ಎಲ್ಲೋ ಆಳದಲ್ಲಿದೆ. ನೆಲವೆಲ್ಲ ನದಿಗಳೇ ತಂದು ಸುರಿದ ಮಣ್ಣು. ತಾನೇ ಹಾಸಿದ ಚಾಪೆಯ ಮೇಲೆ ನದಿ ಮಗ್ಗುಲು ಬದಲಿಸಿದರೆ ತಡೆಯುವವರು ಯಾರು?

ಶೋಣ ಅಮರಕಂಟಕದ ಬೆಟ್ಟಗಳಲ್ಲಿ, ನರ್ಮದೆಯ ನೆರೆಯಲ್ಲಿ, ಹುಟ್ಟುತ್ತದೆ. ನರ್ಮದೆ ಪಶ್ಚಿಮಕ್ಕೆ ಹೋದರೆ ಇದು ಉತ್ತರಕ್ಕೂ ಪೂರ್ವಕ್ಕೂ. ಇಬ್ಬರಿಗೂ ಮದುವೆ ಗೊತ್ತಾಗಿ ಮುರಿದುಬಿದ್ದಿತೆಂದು ಅಲ್ಲಿನ ಜನ ಕಥೆ ಹೇಳುತ್ತಾರೆ. ಶೋಣ ನದಿಯಲ್ಲ, ನದ, ಗಂಡು. ಕೈಮೂರ್ ಬೆಟ್ಟಸಾಲಿನ ಬುಡದಲ್ಲಿ ಬಹುದೂರ ಹರಿದು, ಒಟ್ಟು 784 ಕಿಲೋಮೀಟರು ಕ್ರಮಿಸಿ ಗಂಗೆಯನ್ನು ಸೇರುತ್ತದೆ. ಬೇಸಗೆಯಲ್ಲಿ ವಿಶಾಲವಾದ ಮರಳಿನ ನಡುವೆ ತೆಳ್ಳಗಿನ ಕೆಲವು ಎಳೆಗಳು. ಮಳೆಗಾಲದಲ್ಲಿ ಮಧ್ಯ ಭಾರತದ ಬೆಟ್ಟಗಳ ನೀರೆಲ್ಲ ಒಮ್ಮೆಗೇ ಬಂದು ದಡದಿಂದ ದಡಕ್ಕೆ ಕೆಂಪು ಕಡಲು. ನೀರಿನೊಡನೆ ಬರುವುದು ಹೊಂಬಣ್ಣದ ಉರುಟು ಮರಳು. ಚಿನ್ನವನ್ನು ಹೊತ್ತದ್ದು ಎಂಬ ಹೆಸರಿಗೆ ಈ ಮರಳೇ ಕಾರಣವಿರಬೇಕೆಂದು ನನಗೆ ತೋರುತ್ತದೆ.

ಈ ಮರಳೇ ನದಿಯ ಅಲೆದಾಟಕ್ಕೂ ಕಾರಣ. ಬೆಟ್ಟದ ಇಳಿಜಾರಿನಲ್ಲಿ ಓಡುವ ನೀರು ಹೊರುವಷ್ಟು ಹೊರೆಯನ್ನು ಬಯಲಿನ ನೀರು ಹೊರಲಾರದು. ಇಳುಕಲು ಕಡಿಮೆಯಾದ ಕಡೆ ಮರಳು ಕೆಳಗೆ ಕೂರುತ್ತದೆ, ತಳ ಮೇಲೇರುತ್ತದೆ. ನೆರೆ ಬಂದು ದಡ ಮೀರಿದಾಗಲೆಲ್ಲ ದಪ್ಪ ಮಣ್ಣು ದಡದ ಮಗ್ಗುಲಲ್ಲಿಯೇ ಬಿದ್ದು ದಡವೂ ಏರುತ್ತದೆ. ಹೀಗೆ ಕಾಲಾಂತರದಲ್ಲಿ ನದಿ ಸುತ್ತಣ ಹೊಲಗಳಿಗಿಂತ ಎತ್ತರದಲ್ಲಿ, ತಾನೇ ಕಟ್ಟಿಕೊಂಡ ಏರಿಯ ಮೇಲೆ ಹರಿಯತೊಡಗುತ್ತದೆ. ಕೆರೆಯ ಏರಿಯನ್ನು ಬಲ್ಲ ನಮ್ಮ ರೈತರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಒಂದು ದೊಡ್ಡ ನೆರೆ, ದಡದಲ್ಲಿ ಒಂದು ಬಿರುಕು. ನೀರು ತಗ್ಗಿನ ಕಡೆಗೆ ನುಗ್ಗುತ್ತದೆ, ಸಮುದ್ರಕ್ಕೋ ದೊಡ್ಡ ನದಿಗೋ ಇನ್ನೂ ಹತ್ತಿರದ, ಇನ್ನೂ ಇಳಿಜಾರಾದ ದಾರಿಯನ್ನು ಹಿಡಿಯುತ್ತದೆ.

ಹೊಸ ದಾರಿ ಹಿಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನದಿ ಅಲ್ಲಿ ಹೊಸ ಸೊಸೆಯಂತೆ ಹೊಂದಿಕೊಳ್ಳಬೇಕು. ಮನೆಯೂ ಸೊಸೆಗೆ ಹೊಂದಿಕೊಳ್ಳಬೇಕು. ಮೊದಲು ನೀರು ದಾರಿಯೇ ಇಲ್ಲದೆ ಹೊಲಗದ್ದೆಗಳ ಮೇಲೆ ಹಾಳೆಯಂತೆ ಹರಡುತ್ತದೆ. ಆಮೇಲೆ ಅಲ್ಲಿದ್ದ ಸಣ್ಣ ಹಳ್ಳವನ್ನೋ, ಹಿಂದೆಂದೋ ತಾನೇ ಬಿಟ್ಟುಹೋದ ಹಳೆಯ ಜಾಡನ್ನೋ ಕಂಡು ಅದರಲ್ಲಿ ಇಳಿಯುತ್ತದೆ. ದಾರಿ ಮೊಟಕಾದ್ದರಿಂದ ನೀರಿಗೆ ಸೆಳವು ಹೆಚ್ಚು. ತಳವನ್ನು ಕೊರೆಯುತ್ತದೆ, ಆ ಕೊರೆತ ಹಿಮ್ಮೊಗವಾಗಿ ಮೇಲಕ್ಕೆ ನಡೆಯುತ್ತದೆ. ಕೊರೆದ ಮಣ್ಣನ್ನು ಕೆಳಗೆ ಒಯ್ದು ಹಾಕುತ್ತದೆ. ಹಳ್ಳದ ಅಗಲ ಸಾಲದೆ ದಡಗಳನ್ನು ಕಡಿಯುತ್ತದೆ. ಇಷ್ಟೆಲ್ಲ ಆದಮೇಲೆ ನಿಧಾನವಾಗಿ ಬಳಕುಗಳು ಬೆಳೆಯುತ್ತವೆ, ದಾರಿ ಉದ್ದವಾಗುತ್ತದೆ, ಸೆಳವು ಇಳಿಯುತ್ತದೆ. ಬರುವ ನೀರಿಗೂ ಬರುವ ಮರಳಿಗೂ ಇಳಿಜಾರಿಗೂ ಒಂದು ಒಪ್ಪಂದವಾಗುತ್ತದೆ. ಇದಕ್ಕೆ ಹತ್ತಾರು ವರ್ಷ ಹಿಡಿಯಬಹುದು, ನೂರಾರು ವರ್ಷವೂ ಹಿಡಿಯಬಹುದು. ಬಿಟ್ಟುಹೋದ ಹಾಸಿಗೆಯಲ್ಲಿ ಕೆರೆಗಳೂ ಜೌಗುಗಳೂ ಉಳಿಯುತ್ತವೆ. ಅಲ್ಲಿ ಯಾವುದಾದರೂ ಸಣ್ಣ ತೊರೆ ಹರಿದರೆ, ಅಜ್ಜನ ಕೋಟು ತೊಟ್ಟ ಹುಡುಗನಂತೆ ಕಾಣುತ್ತದೆ.

ಕನ್ನಡದಲ್ಲಿ ನದಿಯ ಹಾಸಿಗೆಗೆ ಪಾತ್ರ ಎನ್ನುತ್ತೇವೆ. ಅಡುಗೆಯ ಪಾತ್ರೆಯೂ ಅದೇ ಮಾತು, ನಾಟಕದ ಪಾತ್ರವೂ ಅದೇ. ಉತ್ತರದ ಜನಕ್ಕೆ ಇನ್ನೂ ಒಂದು ಹೆಜ್ಜೆ ಮುಂದಿನ ಮಾತುಗಳು ಬೇಕಾದವು. ಬಿಹಾರದಲ್ಲಿ ಬೂಢೀ ಗಂಡಕ್ ಇದೆ, ಢಾಕಾದ ಮಗ್ಗುಲಲ್ಲಿ ಬುಡಿಗಂಗಾ ಇದೆ. ಮುದಿ ಗಂಡಕಿ, ಮುದಿ ಗಂಗೆ. ಕಲ್ಕತ್ತೆಯ ಕಾಳೀಘಾಟಿನ ಬಳಿಯ ಕಾಲುವೆ ಆದಿಗಂಗೆ. ನದಿ ಹೊರಟುಹೋದರೂ ಹಳೆಯ ಮನೆಯಲ್ಲಿ ಅದರ ಹೆಸರನ್ನು ಜನ ಬಿಟ್ಟುಕೊಟ್ಟಿಲ್ಲ.

ಪತಂಜಲಿಯ ಮೂರು ಊರುಗಳಿಗೆ ಈಗ ಹಿಂದಿರುಗೋಣ. ಹಸ್ತಿನಾಪುರದಲ್ಲಿ ಇಂದು ಗಂಗೆಯಿಲ್ಲ; ಅಲ್ಲಿರುವುದು ಬೂಢೀ ಗಂಗಾ ಎಂಬ ಹಳೆಯ ಜಾಡು. ಗಂಗೆ ಹಸ್ತಿನಾಪುರವನ್ನು ಕೊಚ್ಚಿಕೊಂಡು ಹೋದಾಗ ನಿಚಕ್ಷು ಎಂಬ ಅರಸ ರಾಜಧಾನಿಯನ್ನು ಕೌಶಾಂಬಿಗೆ ಒಯ್ದನೆಂದು ಪುರಾಣಗಳು ಹೇಳುತ್ತವೆ. 1950–52ರಲ್ಲಿ ಅಲ್ಲಿ ಉತ್ಖನನ ನಡೆಸಿದ ಬಿ. ಬಿ. ಲಾಲ್ ಅವರಿಗೆ ಪ್ರವಾಹದ ಗುರುತು ಮಣ್ಣಿನ ಪದರಗಳಲ್ಲಿ ಕಾಣಿಸಿತು. ಪಾಟಲಿಪುತ್ರದಲ್ಲಿ ಶೋಣವಿಲ್ಲ. ಉಳಿದದ್ದು ವಾರಾಣಸಿ ಒಂದೇ. ಅದು ಸುಣ್ಣಗಲ್ಲಿನ ಹರಳು ಬೆರೆತು ಗಟ್ಟಿಯಾದ ಎತ್ತರದ ದಡದ ಮೇಲೆ ಕುಳಿತಿದೆ. ಗಂಗೆ ಅದನ್ನು ಸುಲಭವಾಗಿ ಕಡಿಯಲಾರದು. ಮೂರು ಉದಾಹರಣೆಗಳಲ್ಲಿ ಎರಡು ಇಂದಿಗೆ ಸುಳ್ಳಾಗಿವೆ. ವ್ಯಾಕರಣ ಮಾತ್ರ ಸರಿಯಾಗಿದೆ.

ಸಾಹಿತ್ಯದಿಂದ ನದಿಯ ದಾರಿ ಹುಡುಕುವಾಗ ಎಚ್ಚರವೂ ಬೇಕು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಮಲಯಕೇತುವಿನ ಸೇನೆ ಕುಸುಮಪುರವನ್ನು ಮುತ್ತಲು ಶೋಣವನ್ನು ದಾಟಬೇಕು. ಇದನ್ನು ಕೆಲವರು ಉತ್ಸಾಹದಿಂದ ಸಾಕ್ಷಿಯಾಗಿ ಎತ್ತುತ್ತಾರೆ. ಆದರೆ ಪಶ್ಚಿಮದಿಂದ ಪಟ್ನಾಕ್ಕೆ ಬರುವವನು ಇಂದೂ ಶೋಣವನ್ನು ದಾಟಲೇಬೇಕು, ಕೊಯಿಲ್‌ವರಿನ ರೈಲ್ವೆ ಸೇತುವೆಯ ಮೇಲೆ! ಹಾಗಾಗಿ ಆ ಸಾಲುಗಳಿಂದ ಸಂಗಮ ಎಲ್ಲಿತ್ತೆಂದು ಗೊತ್ತಾಗುವುದಿಲ್ಲ. ಪತಂಜಲಿಯ ಸಮಾಸಕ್ಕಿರುವ ಬಲ ಅದಕ್ಕಿಲ್ಲ. ಅಂತೆಯೇ ಮೆಗಾಸ್ತನೀಸ ಒಂದೇ ನದಿಯನ್ನು ಎರಡಾಗಿ ಎಣಿಸಿದ್ದನ್ನು ಜೋನ್ಸರು ಅವನ ಅಜಾಗರೂಕತೆಯೆಂದು ತಳ್ಳಿಹಾಕಿದರು. ನನಗೆ ಹಾಗೆನ್ನಿಸುವುದಿಲ್ಲ. ದಾರಿ ಬದಲಿಸುವ ನದಿ ಕೆಲವು ಕಾಲ ಎರಡು ಪಾತ್ರಗಳಲ್ಲಿ ಹರಿಯುವುದುಂಟು. ಹಳೆಯದಕ್ಕೆ ಒಂದು ಹೆಸರು, ಹೊಸದಕ್ಕೆ ಒಂದು ಹೆಸರು ರೂಢಿಯಲ್ಲಿದ್ದು, ಎರಡನ್ನೂ ಅವನು ಕೇಳಿ ಬರೆದುಕೊಂಡಿರಬಹುದು.

ನಗರಕ್ಕೆ ನೀರಿನ ಭಯ ಹುಟ್ಟಿನಿಂದಲೇ ಇತ್ತು. ಪಾಟಲಿಗ್ರಾಮ ಇನ್ನೂ ಕೋಟೆ ಕಟ್ಟಿಕೊಳ್ಳುತ್ತಿದ್ದಾಗ ಅಲ್ಲಿಗೆ ಬಂದ ಬುದ್ಧನು, ಈ ಊರು ಶ್ರೇಷ್ಠ ನಗರವಾಗುತ್ತದೆಂದೂ, ಬೆಂಕಿ, ನೀರು, ಒಳಜಗಳ ಎಂಬ ಮೂರರಿಂದ ಇದಕ್ಕೆ ಅಪಾಯವೆಂದೂ ನುಡಿದನೆಂದು ಪಾಲಿಯ ಮಹಾಪರಿನಿಬ್ಬಾಣ ಸುತ್ತ ಹೇಳುತ್ತದೆ. ತಿತ್ಥೋಗಾಲಿ ಎಂಬ ಜೈನ ಪ್ರಾಕೃತ ಗ್ರಂಥದಲ್ಲಿ ಪಾಟಲಿಪುತ್ರವನ್ನು ಶೋಣದ ನೆರೆ ಮುಳುಗಿಸುವ ವರ್ಣನೆಯೇ ಇದೆ. ಐದನೆಯ ಶತಮಾನದ ಆರಂಭದಲ್ಲಿ ಬಂದ ಫಾಹಿಯಾನನು ಅಶೋಕನ ಅರಮನೆಯನ್ನು ಕಂಡು ಭೂತಗಳು ಕಟ್ಟಿರಬೇಕೆಂದು ಬೆರಗಾದ. ಏಳನೆಯ ಶತಮಾನದ ಹ್ಯೂಯೆನ್‌ತ್ಸಾಂಗನಿಗೆ ಕಂಡದ್ದು ಹೆಚ್ಚಾಗಿ ಅಡಿಪಾಯಗಳು. ನಗರದ ಅಳಿವಿಗೆ ನದಿಯೊಂದೇ ಕಾರಣವೆಂದು ನಾನು ಹೇಳಲಾರೆ. ರಾಜಧಾನಿಗಳನ್ನು ಕೆಡಿಸಲು ಮನುಷ್ಯರೂ ಸಾಲುತ್ತಾರೆ. ಆದರೆ ಎರಡು ನದಿಗಳ ವ್ಯಾಪಾರದಿಂದ ಬೆಳೆದ ಊರಿಗೆ ಒಂದು ನದಿ ಕೈಬಿಟ್ಟರೆ ಏನಾಗುವುದೆಂದು ಊಹಿಸಬಹುದು. ಮತ್ತೆ ಅಲ್ಲಿ ದೊಡ್ಡ ಊರು ಎದ್ದದ್ದು 1541ರಲ್ಲಿ ಶೇರ್‌ಶಹನು ಕೋಟೆ ಕಟ್ಟಿಸಿದ ಮೇಲೆ. ಈ ಪಟ್ನಾವೂ ಉದ್ದನೆಯ ಪಟ್ಟಿಯೇ, ಆದರೆ ಗಂಗೆಯ ಪಕ್ಕದ ಪಟ್ಟಿ. ನದಿಯಂತೆ ನಗರವೂ ಮಗ್ಗುಲು ಬದಲಿಸಿತು.

ಶೋಣ ಹೋದದ್ದನ್ನು ಕಂಡು ಬರೆದಿಟ್ಟವರಿಲ್ಲ. ನದಿ ದಾರಿ ಬಿಡುವುದನ್ನು ಕಂಡು ಬರೆದಿಟ್ಟ ಪ್ರಸಂಗ ಬೇಕಿದ್ದರೆ ಮತ್ತೆ ರೆನೆಲನ ಬಳಿಗೇ ಹೋಗಬೇಕು. ಇದರಲ್ಲಿ ಒಂದು ವಿನೋದವೂ ಉಂಟು. ಶೋಣದ ಹಳೆಯ ಜಾಡಿನ ಸುದ್ದಿಯನ್ನು ಲೋಕಕ್ಕೆ ತಿಳಿಸಿದ ಈತ 1777ರಲ್ಲಿ ಭಾರತ ಬಿಟ್ಟು ಹೋಗಿ ಬಂಗಾಳದ ನಕ್ಷೆಗಳನ್ನು ಅಚ್ಚುಹಾಕಿಸಿದ. ಅವುಗಳಲ್ಲಿ ತೀಸ್ತಾ ನದಿ ದಕ್ಷಿಣಕ್ಕೆ ಹರಿದು ಗಂಗೆಯ ಕಡೆ ಹೋಗುತ್ತದೆ. ಬ್ರಹ್ಮಪುತ್ರ ಮಧುಪುರದ ಎತ್ತರದ ನೆಲಕ್ಕೆ ಪೂರ್ವದಲ್ಲಿ, ಮೈಮನ್‌ಸಿಂಗ್ ಊರಿನ ಪಕ್ಕದಲ್ಲಿ ಹರಿಯುತ್ತದೆ. 1787ರ ಮಹಾಪ್ರವಾಹದಲ್ಲಿ ತೀಸ್ತಾ ಹಳೆಯ ದಾರಿ ಬಿಟ್ಟು ಆಗ್ನೇಯಕ್ಕೆ ತಿರುಗಿ ಬ್ರಹ್ಮಪುತ್ರಕ್ಕೆ ಬಂದು ಬಿದ್ದಿತು. ಮುಂದಿನ ನಾಲ್ಕೈದು ದಶಕಗಳಲ್ಲಿ ಬ್ರಹ್ಮಪುತ್ರವೂ ಮಧುಪುರದ ಪಶ್ಚಿಮಕ್ಕೆ, ಜಮುನಾ ಎಂಬ ಸಣ್ಣ ತೊರೆಯ ದಾರಿಗೆ ಸರಿಯಿತು. ನಕ್ಷೆಯ ಶಾಯಿ ಆರುವ ಮೊದಲೇ ನಕ್ಷೆ ಚರಿತ್ರೆಯಾಯಿತು ಎನ್ನಬಹುದು. 1800–01ರಲ್ಲಿ ನಮ್ಮ ಮೈಸೂರು ಸೀಮೆಯನ್ನು ಸುತ್ತಿದ ಡಾಕ್ಟರ್ ಬುಕಾನನ್ನರೇ ಮುಂದೆ 1807ರಿಂದ ಬಂಗಾಳ ಬಿಹಾರಗಳ ಸಮೀಕ್ಷೆಗೆ ಹೋದಾಗ, ಬ್ರಹ್ಮಪುತ್ರದ ನೀರು ಹೊಸ ಕಡೆಗೆ ಎಳೆಯುತ್ತಿರುವುದನ್ನು ಗುರುತಿಸಿದರು. ಸಣ್ಣ ತೊರೆಯಾಗಿದ್ದ ಜಮುನಾ ಇಂದು ಎಷ್ಟು ವಿಶಾಲವೆಂದರೆ 1998ರಲ್ಲಿ ಬಾಂಗ್ಲಾದೇಶದವರು ಅದಕ್ಕೆ ಕಟ್ಟಿದ ಸೇತುವೆ 4.8 ಕಿಲೋಮೀಟರು ಉದ್ದವಿದೆ. ಅದು ಕೂಡ ನದಿಯನ್ನು ಕಲ್ಲಿನ ಕಟ್ಟೆಗಳ ನಡುವೆ ಹಿಡಿದಿಟ್ಟ ಮೇಲೆ. ಹೊಸ ಪಾತ್ರಕ್ಕೆ ಬಂದು ನೂರೈವತ್ತು ವರ್ಷ ದಾಟಿದರೂ ಆ ನದಿ ದಡ ಕಡಿದು ಅಗಲವಾಗುತ್ತಲೇ ಬಂದಿತು. ಮೈಮನ್‌ಸಿಂಗಿನ ಬಳಿ ಹಳೆಯ ಬ್ರಹ್ಮಪುತ್ರ ಸೊರಗಿ ಹರಿಯುತ್ತಿದೆ.

ನಮ್ಮ ಕಾಲದಲ್ಲಿ ಇದು ನಡೆದದ್ದು ಕೋಸಿಯಲ್ಲಿ. ನೇಪಾಳದಿಂದ ಇಳಿದುಬರುವ ಈ ನದಿ ಎರಡು ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಪೂರ್ಣಿಯಾದ ಕಡೆಯಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ಸರಿದಿತ್ತು. 1950ರ ದಶಕದಿಂದ ಎರಡೂ ಕಡೆ ಒಡ್ಡು ಕಟ್ಟಿ ಅದನ್ನು ನಡುವೆ ನಿಲ್ಲಿಸಿದರು. ನೀರು ನಿಂತಿತು, ಮಣ್ಣೂ ಒಡ್ಡಿನ ನಡುವೆಯೇ ನಿಂತಿತು, ತಳ ಏರಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಪೂರ್ವದ ಒಡ್ಡು ಒಡೆಯಿತು. ಒಡ್ಡು 9.5 ಲಕ್ಷ ಕ್ಯೂಸೆಕ್ಸ್ ತಡೆಯಬೇಕೆಂದು ಕಟ್ಟಿದ್ದು. ಒಡೆದ ದಿನ ನದಿಯಲ್ಲಿದ್ದದ್ದು ಸುಮಾರು 1.44 ಲಕ್ಷ. ನೀರು ತಾನು ಹಿಂದೆ ಬಿಟ್ಟುಬಂದಿದ್ದ ಪೂರ್ವದ ಹಳೆಯ ಜಾಡುಗಳನ್ನು ಹುಡುಕಿಕೊಂಡು ಹರಿಯಿತು. ಅಲ್ಲಿ ಎರಡು ಮೂರು ತಲೆಮಾರುಗಳಿಂದ ನೆರೆಯನ್ನೇ ಕಾಣದ ಹಳ್ಳಿಗಳಿದ್ದವು. ದೋಣಿ ಇಟ್ಟುಕೊಳ್ಳುವ ರೂಢಿ ಕೂಡ ತಪ್ಪಿಹೋಗಿತ್ತು. ಮೂವತ್ತು ಲಕ್ಷಕ್ಕೂ ಮಿಕ್ಕ ಜನ ಸಂಕಟಕ್ಕೆ ಸಿಕ್ಕಿದರು. ಮುಂದಿನ ವರ್ಷದ ಆರಂಭದಲ್ಲಿ ಒಡ್ಡನ್ನು ಮುಚ್ಚಿ ನದಿಯನ್ನು ಹಿಂದಕ್ಕೆ ತಂದರು. ಸರ್ಕಾರಿ ಭಾಷೆಯಲ್ಲಿ ಇಂಥದ್ದಕ್ಕೆ ನೈಸರ್ಗಿಕ ವಿಕೋಪ ಎನ್ನುತ್ತಾರೆ. ಒಡ್ಡು ತಡೆಯಬೇಕಾದ ನೀರಿನ ಆರರಲ್ಲಿ ಒಂದು ಪಾಲಿಗೆ ಒಡೆದದ್ದರಲ್ಲಿ ನಿಸರ್ಗದ ಪಾಲೆಷ್ಟು ಎಂದು ಕೇಳಬೇಕಾಗುತ್ತದೆ.

ಪಟ್ನಾವನ್ನು ನಾನು ನೋಡಿದ್ದು 2011ರಲ್ಲಿ, ಒಂದು ವಿಚಾರಗೋಷ್ಠಿಯ ನೆಪದಿಂದ. ಗೋಷ್ಠಿ ಮುಗಿದ ಮರುದಿನ ಕುಮ್ರಾಹಾರಿಗೆ ಹೋದೆ. 1912–13ರಲ್ಲಿ ಸ್ಪೂನರ್ ಎಂಬುವರು ರತನ್ ಟಾಟಾ ಅವರ ಧನಸಹಾಯದಿಂದ ಅಗೆದು ಮೌರ್ಯರ ಕಂಬಗಳ ಮಂಟಪವನ್ನು ಕಂಡುಹಿಡಿದ ಸ್ಥಳ ಅದು. ನೋಡಲು ಹೆಚ್ಚೇನೂ ಇರಲಿಲ್ಲ. ಅಂತರ್ಜಲ ಉಕ್ಕಿ ಕೆಡುತ್ತದೆಂದು ಅಗೆದ ಭಾಗವನ್ನು ಕೆಲವು ವರ್ಷಗಳ ಹಿಂದೆಯೇ ಮಣ್ಣು ಮರಳು ತುಂಬಿ ಮುಚ್ಚಿದ್ದರು. ಹುಲ್ಲಿನ ಮೇಲೆ ಮಕ್ಕಳು ಆಡುತ್ತಿದ್ದರು. ಮೆಗಾಸ್ತನೀಸನ ಮರದ ಕೋಟೆಯ ತುಂಡು, ಎರಡು ಸಾಲು ದಿಮ್ಮಿಗಳು, 1926–27ರಲ್ಲಿ ಬುಲಂದಿಬಾಗಿನಲ್ಲಿ ಸಿಕ್ಕಿದವು. ಎರಡು ಸಾವಿರ ವರ್ಷ ಮರ ಉಳಿದದ್ದು ನೀರು ತುಂಬಿದ ಕೆಸರಿನಿಂದಾಗಿ. ಊರನ್ನು ಕಾಡಿದ ನೀರೇ ಅದರ ಗುರುತನ್ನು ಕಾಪಾಡಿತ್ತು.

ಸಂಜೆ ಗಂಗೆಯನ್ನು ನೋಡಲು ಹೋದರೆ, ಒಂದು ಘಾಟಿನ ಮೆಟ್ಟಿಲುಗಳ ಕೆಳಗೆ ನೀರಿರಲಿಲ್ಲ. ಮರಳು, ಹುಲ್ಲು, ತರಕಾರಿಯ ಪಾತಿಗಳು. ಅವುಗಳಾಚೆ ದೂರದಲ್ಲಿ ಹೊಳೆಯ ಗೆರೆ. ಕೆಲವು ದಶಕಗಳಿಂದ ಗಂಗೆಯೂ ಉತ್ತರಕ್ಕೆ ಸರಿಯುತ್ತಿದೆ. ಅದು ಬಿಟ್ಟುಕೊಟ್ಟ ದಂಡೆಯ ಉದ್ದಕ್ಕೂ ಕಟ್ಟಿದ ಹೆದ್ದಾರಿಯ ಮೊದಲ ಭಾಗ 2022ರಲ್ಲಿ ತೆರೆಯಿತೆಂದು ಆಮೇಲೆ ಓದಿದೆ. ಶೋಣ ಮಾತ್ರ ಪಟ್ನಾವನ್ನು ಪೂರ್ತಿ ಮರೆತಿಲ್ಲ. 1975ರ ಆಗಸ್ಟಿನಲ್ಲಿ ಶೋಣ ಗಂಗೆಗಳ ನೆರೆ ಪಶ್ಚಿಮದಿಂದ ನುಗ್ಗಿ ನಗರವನ್ನು ಮುಳುಗಿಸಿತು. ಕಾದಂಬರಿಕಾರ ಫಣೀಶ್ವರನಾಥ ರೇಣು ಆ ದಿನಗಳನ್ನು ಪಟ್ನಾದಲ್ಲೇ ಅನುಭವಿಸಿ ‘ಋಣಜಲ ಧನಜಲ’ದಲ್ಲಿ ಬರೆದರು. ಅವರು ಹುಟ್ಟಿದ್ದು ಕೋಸಿಯ ಸೀಮೆಯಲ್ಲಿ. ನೀರಿನ ನಡೆ ಅವರಿಗೆ ಹೊಸದಲ್ಲ. ನಾನು ಊರಿಗೆ ಹೊರಟ ದಿನ ರೈಲ್ವೆ ನಿಲ್ದಾಣದ ದಾರಿಯಲ್ಲಿ ಸಾಲುಸಾಲಾಗಿ ಮರಳಿನ ಲಾರಿಗಳು ಬರುತ್ತಿದ್ದವು. ಎಲ್ಲಿಯದೆಂದು ಕೇಳಿದ್ದಕ್ಕೆ ಆಟೋದವನು, ಸೋನಿನ ಮರಳು, ಕೊಯಿಲ್‌ವರಿನಿಂದ ಬರುತ್ತದೆ, ಪಟ್ನಾದ ಮನೆಗಳೆಲ್ಲ ಅದರಲ್ಲೇ ಕಟ್ಟುವುದು ಎಂದ. ಹೊಂಬಣ್ಣದ ಆ ಮರಳಿನಿಂದ ದಾರಿಯುದ್ದಕ್ಕೂ ನೀರು ಸೋರುತ್ತಿತ್ತು.

ಊರಿಗೆ ಬಂದಮೇಲೆ, ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ಹುಡುಕಿ ದೂರವಾಣಿ ಮಾಡಿದೆ. ಈಗ ಅವರೂ ಕನ್ನಡ ಅಧ್ಯಾಪಕರು, ಬಯಲುಸೀಮೆಯ ಒಂದು ಕಾಲೇಜಿನಲ್ಲಿದ್ದಾರೆ. ಕ್ಷೇಮ ಸಮಾಚಾರವಾದ ಮೇಲೆ ಅನುಶೋಣದ ವಿಷಯ ಎತ್ತಿದೆ. ಪ್ರಶ್ನೆ ಕೇಳಿದ ನೆನಪೇ ಅವರಿಗಿರಲಿಲ್ಲ. ಉತ್ತರ ಮಾತ್ರ ಚೆನ್ನಾಗಿ ನೆನಪಿತ್ತು. “ವೈಯಾಕರಣರಿಗೆ ರೂಪ ಮುಖ್ಯ, ಭೂಗೋಳವಲ್ಲ ಅಂತ ನೀವು ಹೇಳಿದ್ದಿರಿ ಸರ್. ನಾನೂ ಪ್ರತಿವರ್ಷ ಮಕ್ಕಳಿಗೆ ಅದನ್ನೇ ಹೇಳುತ್ತಾ ಬಂದಿದ್ದೇನೆ” ಎಂದರು.

ಕಾಗದ ಪೆನ್ನು ತೆಗೆದುಕೊಳ್ಳಿ ಎಂದು ಹೇಳಿ, ಮೆಗಾಸ್ತನೀಸನಿಂದ ಮೊದಲು ಮಾಡಿದೆ.